ಕಪ್ಪೆ ಎಣಿಸಲು ಹೊರಟ ಮಕ್ಕಳು

ಮಳೆ ಹಿಡಿದ ಮೂರನೇ ರಾತ್ರಿ. ಇಶಾ ಮುಗಿಸಿ ಮನೆಗೆ ಬಂದು ಕೊಡೆ ಮಡಚುವಾಗ ನಮ್ಮ ಉಮ್ಮ ಜಗಲಿಯ ತುದಿಯಲ್ಲಿ ನಿಂತು ಬೈಲಿನ ಕಡೆಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕತ್ತಲಲ್ಲಿ ಎರಡು ಟಾರ್ಚಿನ ಬೆಳಕು ಬದುವಿನ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಒಂದು ನಮ್ಮ ತಂಗಿಯ ಮಗಳದ್ದು, ಇನ್ನೊಂದು ಅವಳ ತಮ್ಮನದ್ದು.

'ಹುಡುಗಿ ಕಪ್ಪೆ ಎಣಿಸ್ಲಿಕ್ಕೆ ಹೋಗಿದ್ದಾಳಂತೆ. ಎಣಿಸಿ ಎಂತ ಮಾಡುವುದು, ಮಾರ್ಲಿಕ್ಕುಂಟಾ?' ಎಂದರು ಉಮ್ಮ.

ಒಂದು ಕಾಲದಲ್ಲಿ ಮಾರಲಿಕ್ಕೂ ಇತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಅರ್ಧ ಗಂಟೆ ಬಿಟ್ಟು ಇಬ್ಬರೂ ಕೆಸರು ಕಾಲಲ್ಲಿ ಬಂದರು. ಅವಳ ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಒಂದು ನೋಟ್‌ಬುಕ್. ಅದರಲ್ಲಿ ತಾರೀಕು, ಗಂಟೆ, ಜಾಗ, ಮಳೆ ಇತ್ತೋ ಬಿಟ್ಟಿತ್ತೋ, ಯಾವ ಬಗೆಯ ಕೂಗು, ಅಂದಾಜು ಎಷ್ಟು ಎಂದು ಸಾಲು ಸಾಲು ಬರೆದಿತ್ತು. 'ಹತ್ತು ನಿಮಿಷ ಒಂದೇ ಕಡೆ ನಿಂತು ಕೇಳುವುದು ಮಾಮ. ಐದು ಬಗೆ ಸ್ವರ ಸಿಕ್ಕಿತು. ಮೂರರ ಹೆಸರು ಮಾತ್ರ ಗೊತ್ತು' ಎಂದಳು. ಗೊತ್ತಿಲ್ಲದ ಎರಡನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದಳು. ಅವಳ ಕಾಲೇಜಿನ ಜೀವಶಾಸ್ತ್ರದ ಟೀಚರ್ ಪಿಯುಸಿ ಮುಗಿಯುವ ಹೊತ್ತಿಗೆ ಹಚ್ಚಿದ ಹುಚ್ಚು ಇದು.

ಮರುದಿನ ದಮ್ಮಾಮ್‌ನಿಂದ ಅವಳ ಉಪ್ಪನ ಫೋನ್. 'ಬಿಎಸ್ಸಿ ಝೂವಾಲಜಿ ಮಾಡ್ತಾಳಂತೆ. ಬಿ.ಫಾರ್ಮ ಸೀಟು ಸಿಗುವಷ್ಟು ಮಾರ್ಕು ಉಂಟು. ಕಪ್ಪೆ ಕಲಿತು ಎಂತ ಕೆಲಸ ಸಿಗ್ತದೆ? ನೀವೇ ಸ್ವಲ್ಪ ಬುದ್ಧಿ ಹೇಳಿ.' ಬುದ್ಧಿ ಹೇಳುವ ಮೊದಲು ವಿಷಯ ಏನೆಂದು ತಿಳಿಯುವಾ ಎಂದು ನಾವು ಓದಲಿಕ್ಕೆ ಕೂತೆವು, ನಾಲ್ಕು ಮಂದಿಯನ್ನು ಕೇಳಿದೆವು. ಈ ಬರಹ ಹುಟ್ಟಿದ್ದು ಹಾಗೆ. ಪುತ್ತೂರು, ಸುಳ್ಯ, ಕಡಬದಲ್ಲಿ ಇದೇ ಪ್ರಶ್ನೆ ಇರುವ ಮನೆ ಬೇರೆಯೂ ಇರಬಹುದು ಎಂಬ ಅಂದಾಜಿನಲ್ಲಿ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಮಂಗಳೂರಿನ ಕಥೆ. ನಾವು ಬ್ಯಾರಿಗಳು ಮೈಕಾಲ ಎನ್ನುವ ಊರಿಗೆ ತುಳುವರು ಕುಡ್ಲ ಎನ್ನುತ್ತಾರೆ, ಕೊಂಕಣಿಗರು ಕೊಡಿಯಾಲ್ ಎನ್ನುತ್ತಾರೆ. 2018ರಲ್ಲಿ ಈ ಊರಿನ ಹೆಸರು ಒಂದು ಕಪ್ಪೆಗೆ ಬಂತು: ಮೈಕ್ರೋಹೈಲ ಕೊಡಿಯಾಲ್. ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣದು. ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ. ಪಶ್ಚಿಮಕ್ಕೆ ಕಡಲು, ಆಚೀಚೆ ನೇತ್ರಾವತಿ ಮತ್ತು ಗುರುಪುರ ಹೊಳೆ ಇರುವ ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಜಾಗದಲ್ಲಿ. ಲಾರಿಗಳು ಓಡಾಡುವ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ. ನಾವೆಲ್ಲ ಮೂಗು ಮುಚ್ಚಿಕೊಂಡು ದಾಟುವಂಥದ್ದು.

ಅದನ್ನು ಲೋಕಕ್ಕೆ ತಿಳಿಸಿದ ಲೇಖನದ ಮೊದಲ ಹೆಸರು ವಿನೀತ್ ಕುಮಾರ್ ಅವರದ್ದು. ಆಗ ಅವರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಅನ್ವಯಿಕ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿ. ಜೊತೆಗೆ ಅವರ ಪ್ರಾಧ್ಯಾಪಕ ರಾಜಶೇಖರ ಪಾಟೀಲ್, ಬೆಂಗಳೂರಿನ ಏಟ್ರೀ ಸಂಸ್ಥೆಯ ಎನ್.ಎ. ಅರವಿಂದ್ ಮತ್ತು ಇನ್ನಿತರರು. ಹೊಸ ಜಾತಿ ಎಂದು ಹೇಳಬೇಕಾದರೆ 'ಇದು ಬೇರೆ ಥರ ಕಾಣ್ತದೆ' ಎಂದರೆ ಸಾಲುವುದಿಲ್ಲ. ಮೈ ಅಳತೆ ತೆಗೆಯಬೇಕು, ಕೂಗನ್ನು ರೆಕಾರ್ಡ್ ಮಾಡಿ ಬೇರೆ ಜಾತಿಗಳ ಕೂಗಿನೊಂದಿಗೆ ತಾಳೆ ನೋಡಬೇಕು, ಡಿಎನ್‌ಎ ಹೋಲಿಸಬೇಕು. ಹಾಗೆ ಹೋಲಿಸಿದಾಗ ಒಂದು ಆಶ್ಚರ್ಯ ಕಾದಿತ್ತು. ಈ ಕಪ್ಪೆಯ ಹತ್ತಿರದ ನೆಂಟರು ನಮ್ಮ ಘಟ್ಟದ ಕಪ್ಪೆಗಳಲ್ಲ, ಆಗ್ನೇಯ ಏಷ್ಯಾದ ಕಪ್ಪೆಗಳು! ಬಂದರಿಗೆ ಬಂದ ಮರದ ದಿಮ್ಮಿಯ ಜೊತೆಗೇ ಇದರ ಹಿರಿಯರು ಬಂದಿಳಿದರೇ ಎಂಬ ಅನುಮಾನ ಆವಾಗಲೇ ಎದ್ದಿತ್ತು. ಬಂದರು ಇರುವ ಊರಿನ ಜನರಾದ ನಮಗೆ ಇದು ತೀರಾ ಹೊಸ ಕಥೆ ಏನಲ್ಲ. ಕಡಲಾಚೆಯಿಂದ ಬಂದವರೂ ಕಡಲಾಚೆ ಹೋದವರೂ ಸೇರಿಯೇ ಈ ಕರಾವಳಿ ಆಗಿದ್ದು.

ಅದಕ್ಕೆ ಎರಡು ವರ್ಷ ಮೊದಲು, 2016ರಲ್ಲಿ, ಕರಾವಳಿಯಲ್ಲೇ ಇನ್ನೆರಡು ಕಪ್ಪೆಗಳಿಗೆ ಹೆಸರು ಬಂದಿತ್ತು. ಒಂದು ಉತ್ತರ ಕನ್ನಡದ ಕುಮಟಾ ಕಡೆಯ ಗದ್ದೆ, ಕೆರೆಗಳದ್ದು. ಅರಣ್ಯ ಇಲಾಖೆಯ ಸಿ.ಆರ್. ನಾಯ್ಕ ಎಂಬವರಿಗೆ ಮಿಂಚುಳ್ಳಿಯ ಸ್ವರ ಕೇಳುತ್ತದೆ, ನೋಡಿದರೆ ಹಕ್ಕಿ ಇಲ್ಲ. ಕೂಗುತ್ತಿದ್ದುದು ಕಪ್ಪೆ. ಅದನ್ನು ಹಿಂಬಾಲಿಸಿ ಹೋದ ಸಂಶೋಧಕರು ಅದಕ್ಕೆ ಇಟ್ಟ ಹೆಸರು ಯೂಫ್ಲಿಕ್ಟಿಸ್ ಕರಾವಳಿ. ನಮ್ಮ ಕನ್ನಡ ಪದವೇ ವಿಜ್ಞಾನದ ಹೆಸರಾಗಿದೆ. ಇನ್ನೊಂದು ಮಣಿಪಾಲದ ಮುರಕಲ್ಲಿನ ಪದವಿನದ್ದು. ಅಲ್ಲಿದ್ದ ಪಕ್ಷಿಪ್ರಿಯ ಯುವಕ ರಮಿತ್ ಸಿಂಗಲ್ ಮತ್ತು ಜೊತೆಗಾರರು, ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದ ಕಪ್ಪೆ ತಜ್ಞರೊಂದಿಗೆ ಸೇರಿ ಗುರುತಿಸಿದ ಮೈಕ್ರೋಹೈಲ ಲ್ಯಾಟರೈಟ್. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ; ಕೂಗು ಕೇಳಿದರೆ ಜೀರುಂಡೆ ಎಂದು ಬಿಟ್ಟುಬಿಡುವಂಥದ್ದು.

ಇದನ್ನು ಓದುವಾಗ ನಮಗೆ ನೆನಪಾದದ್ದು ನಮ್ಮೂರಿನ ಪದವುಗಳು. ಪುತ್ತೂರಿನಿಂದ ಯಾವ ದಾರಿ ಹಿಡಿದರೂ ಒಂದು ಪದವು ಸಿಗುತ್ತದೆ, ಪದವಿದ್ದಲ್ಲಿ ಕೆಂಪುಕಲ್ಲಿನ ಕೋರೆ ಇರುತ್ತದೆ. ಸರಕಾರದ ಲೆಕ್ಕದಲ್ಲೂ ನಮ್ಮ ಲೆಕ್ಕದಲ್ಲೂ ಅದು ಬರಡು ನೆಲ. ಮಳೆಗಾಲದಲ್ಲಿ ಅಲ್ಲಿ ಕಲ್ಲಿನ ಗುಂಡಿಗಳಲ್ಲಿ ನಿಲ್ಲುವ ಗೇಣುದ್ದದ ನೀರಿನಲ್ಲಿ ಏನು ಬದುಕುತ್ತದೆ ಎಂದು ಬಗ್ಗಿ ನೋಡಿದವರು ಎಷ್ಟು ಮಂದಿ? ಮಣಿಪಾಲದಲ್ಲಿ ಬಗ್ಗಿ ನೋಡಿದರು, ಸಿಕ್ಕಿತು.

ನಮ್ಮ ಮೂರು ತಾಲೂಕುಗಳಿಗೆ ಕಪ್ಪೆ ವಿಷಯದಲ್ಲಿ ಹೆಸರಿಲ್ಲ ಎಂದುಕೊಳ್ಳಬೇಡಿ. ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯ ನಮಗೆ ಗೊತ್ತಿರುವುದು ಬಸ್ಸು ನಿಲ್ಲಿಸಿ ಚಾ ಕುಡಿಯುವ ಜಾಗವಾಗಿ. ಕಪ್ಪೆ ಕಲಿಯುವವರಿಗೆ ಅದು ಬೇರೆ ಕಾರಣಕ್ಕೆ ಗೊತ್ತು. 1986ರಲ್ಲಿ ಫ್ರಾನ್ಸಿನ ವಿಜ್ಞಾನಿ ಅಲೈನ್ ದ್ಯೂಬ್ವಾ ಗುಂಡ್ಯ, ಕೆಂಪುಹೊಳೆ ಕಾಡಿನ ಒಂದು ನೆಗೆಯುವ ಕಪ್ಪೆಗೆ 'ಗುಂಡಿಯಾ' ಎಂದೇ ಹೆಸರಿಟ್ಟರು. ಆಗ ಅವರು ಕೊಟ್ಟ ಕುಲದ ಹೆಸರಿನಿಂದಲೇ ಪಶ್ಚಿಮ ಘಟ್ಟದ ಒಂದು ಇಡೀ ಕಪ್ಪೆ ಕುಟುಂಬಕ್ಕೆ ರ‍್ಯಾನಿಕ್ಸಾಲಿಡೇ ಎಂಬ ಹೆಸರು ಬಂದಿದೆ. ಅಂದರೆ ಕಡಬ ತಾಲೂಕಿನ ಅಂಚಿನ ಒಂದು ಕಪ್ಪೆಯ ಗುರುತು ಲೋಕದ ಎಲ್ಲ ಪುಸ್ತಕಗಳಲ್ಲಿ ಇದೆ. ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಅದನ್ನು ಯಾರೂ ಹೇಳಿದಂತಿಲ್ಲ.

'ಕಡಲ ಬದಿಯ ಜೌಗು, ಅಳಿವೆ ಅಂತ ಹೇಳ್ತೀರಿ, ನಮಗೂ ಅದಕ್ಕೂ ಏನು ಸಂಬಂಧ?' ಎಂದು ಕೇಳುವವರಿದ್ದಾರೆ. ಹೊಳೆಯೇ ಸಂಬಂಧ. ಸುಬ್ರಹ್ಮಣ್ಯದ ಮೇಲಿನಿಂದ ಇಳಿಯುವ ಕುಮಾರಧಾರ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ತುಂಬೆಯ ಅಣೆಕಟ್ಟು ದಾಟಿ ಬೆಂಗರೆ, ಉಳ್ಳಾಲದ ನಡುವೆ ಕಡಲು ಸೇರುತ್ತದೆ. ಸುಳ್ಯದ ಪಯಸ್ವಿನಿ ಜಾಲ್ಸೂರು ದಾಟಿ ಕೇರಳಕ್ಕೆ ಹೋಗಿ ಚಂದ್ರಗಿರಿಯಾಗಿ ಕಾಸರಗೋಡಿನ ತಳಂಗರದ ಹತ್ತಿರ ಅಳಿವೆ ಮಾಡುತ್ತದೆ. ಮಂಗಳೂರಿನಿಂದ ನೆಂಟರು ಬರುವಾಗ ತರುವ ಮರುವಾಯಿ ಬೆಳೆಯುವುದು ಈ ಸಿಹಿನೀರು ಉಪ್ಪುನೀರು ಬೆರೆಯುವ ಕಡೆ. ನಾವು ಇಲ್ಲಿ ತೋಡಿಗೆ ಬಿಟ್ಟದ್ದು ಅಲ್ಲಿಗೆ ಮುಟ್ಟುತ್ತದೆ. 2024ರ ಜನವರಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಸುಮಾರು 4,801 ಹೆಕ್ಟೇರ್. ಅಲ್ಲಿ ಯಾವ ಹಕ್ಕಿ, ಯಾವ ಮೀನು, ಎಷ್ಟು ಚಿಪ್ಪು ಎಂದು ವರ್ಷಗಟ್ಟಲೆ ಬರೆದಿಟ್ಟ ದಾಖಲೆಗಳಿದ್ದವು. ಲೆಕ್ಕ ಇಟ್ಟವರಿಲ್ಲದ ಅಳಿವೆಯ ಪರವಾಗಿ ಮಾತಾಡುವುದು ಕಷ್ಟ.

ಇನ್ನು ಅಳಿವೆಯವರೆಗೂ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ನೆಲವನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಮಾಡಿದ್ದರು. ಅದರಲ್ಲಿ ಬೈಲು ಎಂದರೆ ಜೌಗು ನೆಲವೇ. ಏಣೆಲು, ಸುಗ್ಗಿ, ಕೊಳಕೆ ಮೂರು ಬೆಳೆ ತೆಗೆಯುತ್ತಿದ್ದ ಬೈಲುಗಳಲ್ಲಿ ವರ್ಷದ ಬಹುಪಾಲು ನೀರು ನಿಲ್ಲುತ್ತಿತ್ತು. ಕಪ್ಪೆ, ಮೀನು, ಏಡಿ, ಕೊಕ್ಕರೆ, ನೀರುಕಾಗೆ ಎಲ್ಲ ಅದರ ಪಾಲುದಾರರು. ಈಗ ಬೈಲಿನಲ್ಲಿ ಕಣಿ ತೋಡಿ, ಮಣ್ಣು ಏರಿಸಿ, ಅಡಕೆ ಗಿಡ ಇಟ್ಟಾಗಿದೆ. ನಾವು ಇಲ್ಲಿ ಯಾರನ್ನೂ ಬೈಯುವುದಿಲ್ಲ, ನಮ್ಮದೇ ಅರ್ಧ ಬೈಲು ಹಾಗಾಗಿದೆ. ಭತ್ತ ಬೆಳೆದು ಕೂಲಿ ಕೊಡಲಿಕ್ಕೆ ಆಗದವನು ಇನ್ನೇನು ಮಾಡಿಯಾನು? ಆದರೆ ಆಗಿದ್ದು ಏನೆಂದು ತಿಳಿದಿರಬೇಕಲ್ಲ.

ಅಡಕೆಯೊಂದಿಗೆ ಬರುವುದು ಮದ್ದು ಬಿಡುವ ಕೆಲಸ. ಕೊಳೆರೋಗಕ್ಕೆ ಬೋರ್ಡೋ ಬಿಡದ ತೋಟ ನಮ್ಮ ಕಡೆ ಇಲ್ಲ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲ ಶುರುವಾಗುವಾಗ ಒಮ್ಮೆ, ನಲ್ವತ್ತು ನಲ್ವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಮೈಲುತುತ್ತಿನಲ್ಲಿರುವುದು ತಾಮ್ರ. ನೀರಿನಲ್ಲಿ ಅದರ ಅಂಶ ಹೆಚ್ಚಾದರೆ ಗೊದಮೊಟ್ಟೆಗಳು ಸಾಯುತ್ತವೆ ಎಂಬುದು ಬೇರೆ ಬೇರೆ ದೇಶಗಳಲ್ಲಿ ಪ್ರಯೋಗ ಮಾಡಿ ತಿಳಿದ ವಿಷಯ. ನಾವು ಮದ್ದು ಬಿಡುವ ತಿಂಗಳು ಮತ್ತು ಕಪ್ಪೆ ಮೊಟ್ಟೆ ಇಡುವ ತಿಂಗಳು ಒಂದೇ. ನಮ್ಮ ತೋಡಿನ ನೀರಿನಲ್ಲಿ ತಾಮ್ರ ಎಷ್ಟು ಇಳಿಯುತ್ತದೆ, ಮದ್ದು ಬಿಡುವ ಮೊದಲು ಎಷ್ಟು ಗೊದಮೊಟ್ಟೆ, ಬಿಟ್ಟ ಮೇಲೆ ಎಷ್ಟು? ಒಬ್ಬ ಡಿಗ್ರಿ ವಿದ್ಯಾರ್ಥಿ ಎರಡು ಮಳೆಗಾಲದಲ್ಲಿ ಮಾಡಬಹುದಾದ ಪ್ರಾಜೆಕ್ಟ್ ಇದು. ಮನೆಯ ತೋಟವೇ ಪ್ರಯೋಗಶಾಲೆ, ಬಸ್ ಚಾರ್ಜು ಸಹ ಇಲ್ಲ. ಫಲಿತಾಂಶ ಏನೇ ಬರಲಿ, ಅದು ಅಡಕೆ ಬೆಳೆಗಾರನಿಗೂ ಬೇಕಾದ ಮಾಹಿತಿ.

ಈಗ ಉಮ್ಮನ ಪ್ರಶ್ನೆಗೆ ಬರುವಾ. ಕಪ್ಪೆ ಮಾರಲಿಕ್ಕಿತ್ತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಭಾರತದಿಂದ ಯುರೋಪ್, ಅಮೆರಿಕಕ್ಕೆ ಟನ್ನುಗಟ್ಟಲೆ ಕಪ್ಪೆ ಕಾಲು ಹೋಗುತ್ತಿತ್ತು. ಮೊದಲ ಮಳೆಗೆ ಬೈಲಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿ, ಗಂಟಲ ಎರಡು ಬದಿ ನೀಲಿ ಗುಳ್ಳೆ ಉಬ್ಬಿಸಿ ಕೂಗುವ ದೊಡ್ಡ ಕಪ್ಪೆಗಳೇ ಈ ವ್ಯಾಪಾರದ ಮುಖ್ಯ ಮಾಲು. ಗ್ಯಾಸ್‌ಲೈಟ್ ಹಿಡಿದು ರಾತ್ರಿ ಬೈಲಿಗೆ ಇಳಿದು ಗೋಣಿ ತುಂಬಿಸುತ್ತಿದ್ದವರನ್ನು ನೋಡಿದ ನೆನಪು ಹಿರಿಯರಿಗಿದೆ. ನಮ್ಮವರು ಅದನ್ನು ತಿನ್ನುವವರಲ್ಲ, ಕಪ್ಪೆಯನ್ನು ಕೊಲ್ಲಬಾರದೆಂದು ಮದ್ರಸದಲ್ಲೇ ಕೇಳಿ ಬೆಳೆದವರು; ಆದರೆ ನಮ್ಮ ಬೈಲಿನಿಂದ ಹೋಗುವುದು ನಿಲ್ಲಲಿಲ್ಲ. ಗದ್ದೆಯ ಹುಳು ತಿನ್ನುವ ಕಪ್ಪೆ ಕಡಿಮೆಯಾದರೆ ಕೀಟನಾಶಕದ ಖರ್ಚು ಏರುತ್ತದೆ ಎಂಬ ವಾದ ಬಲವಾಗಿ, 1987ರಲ್ಲಿ ಭಾರತ ಸರಕಾರ ಕಪ್ಪೆ ಕಾಲಿನ ರಫ್ತನ್ನೇ ನಿಷೇಧಿಸಿತು. ಕಪ್ಪೆ ಬಂದರೆ ಸೊಳ್ಳೆಯೆಲ್ಲ ಮಾಯ, ಡೆಂಗ್ಯೂ ಇಲ್ಲ ಎಂದು ವಾಟ್ಸ್ಆ್ಯಪಿನಲ್ಲಿ ಬರುವುದನ್ನು ನಾವು ಬರೆಯುವುದಿಲ್ಲ. ಗದ್ದೆಯ ಹುಳ ಹುಪ್ಪಟೆ ಅದರ ಹೊಟ್ಟೆಗೆ ಹೋಗುತ್ತದೆ ಎಂಬುದಂತೂ ನಿಜ.

ಮಕ್ಕಳು ಈ ಕೆಲಸಕ್ಕೆ ಇಳಿಯುವುದು ಹೇಗೆ? ದೊಡ್ಡ ಖರ್ಚಿಲ್ಲ. ಪ್ರತಿ ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ನಡೆಯುತ್ತದೆ, 1987ರಿಂದ ಬಂದ ಕ್ರಮ. ಕೆರೆ, ಹೊಳೆ, ಕಟ್ಟದ ನೀರಿನ ಬದಿ ನಿಂತು ಹಕ್ಕಿ ಎಣಿಸಿ ಕಳಿಸುವುದು. ಕಟ್ಟ ಎಂದಾಗ ನೆನಪಾಯಿತು, ಡಿಸೆಂಬರಿನಲ್ಲಿ ತೋಡಿಗೆ ಅಡ್ಡ ಮಣ್ಣು, ಸೊಪ್ಪು, ಕಲ್ಲು ಹಾಕಿ ಕಟ್ಟ ಕಟ್ಟುವ ಊರುಗಳು ನಮ್ಮಲ್ಲಿ ಇನ್ನೂ ಇವೆ. ಅದರ ಹಿಂದೆ ನಿಲ್ಲುವ ನೀರಿಗೆ ಬೇಸಿಗೆಯಲ್ಲಿ ಯಾವ ಯಾವ ಹಕ್ಕಿ ಬರುತ್ತವೆ ಎಂಬ ಪಟ್ಟಿ ಸಿಕ್ಕಿದರೆ ಬಹಳ ಚಂದ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಿಲ ಹಕ್ಕಿ ಗಣತಿ ಇರುತ್ತದೆ. ಅದೇ ದಿನಗಳಲ್ಲಿ ಕಾಲೇಜು ಕ್ಯಾಂಪಸ್ಸುಗಳೂ ಎಣಿಸುತ್ತವೆ. ಹದಿನೈದು ನಿಮಿಷ ನೋಡಿ ಇ-ಬರ್ಡ್ ಆ್ಯಪಿನಲ್ಲಿ ಹಾಕಿದರೆ ಆಯಿತು. ಕಪ್ಪೆ, ಏಡಿ, ಮೀನು, ಚಿಟ್ಟೆಯ ಫೋಟೋ ಅಥವಾ ಸ್ವರವನ್ನು ಐ-ನ್ಯಾಚುರಲಿಸ್ಟ್‌ಗೆ ಹಾಕಿದರೆ ಗೊತ್ತಿರುವವರು ಹೆಸರು ಹೇಳುತ್ತಾರೆ. ಗುರುರಾಜ ಅವರು 2012ರಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಬಗ್ಗೆ ಚಿತ್ರ ಸಹಿತ ಒಂದು ಇಂಗ್ಲಿಷ್ ಕೈಪಿಡಿ ತಂದಿದ್ದಾರೆ, ಶಾಲಾ ಲೈಬ್ರರಿಯಲ್ಲಿ ಇರಬೇಕಾದದ್ದು.

ಕೆಲವು ಜಾಗ್ರತೆ ಬೇಕು. ಕಪ್ಪೆಯನ್ನು ಹಿಡಿಯುವುದು ಬೇಡ, ಬಾಟ್ಲಿಯಲ್ಲಿ ತುಂಬಿಸಿ ಮನೆಗೆ ತರುವುದು ಬೇಡವೇ ಬೇಡ, ವನ್ಯಜೀವಿ ಕಾನೂನು ಅದಕ್ಕೂ ಇದೆ. ಕಪ್ಪೆಯ ಚರ್ಮ ನೀರು ಹೀರಿದ ಹಾಗೆ ಎಲ್ಲವನ್ನೂ ಹೀರುತ್ತದೆ, ನಮ್ಮ ಕೈಯ ಸೊಳ್ಳೆ ಮುಲಾಮು ಅದಕ್ಕೆ ವಿಷ. ಬೈಲಿಗೆ ಇಳಿಯುವಾಗ ಗಂಬೂಟು ಹಾಕಬೇಕು. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಅದನ್ನು ತೊಳೆದು ಒಣಗಿಸಬೇಕು, ಕಪ್ಪೆಗಳ ಚರ್ಮರೋಗದ ಶಿಲೀಂಧ್ರ ಕೆಸರಿನಲ್ಲಿ ದಾಟುತ್ತದೆ. ಒಬ್ಬರೇ ಹೋಗಬಾರದು. ಇದು ಹೆಣ್ಣುಮಕ್ಕಳಿಗೆ ಮಾತ್ರ ಹೇಳುವ ಮಾತಲ್ಲ. ಕನ್ನಡಿಹಾವು ಹುಡುಗನೋ ಹುಡುಗಿಯೋ ಎಂದು ನೋಡಿ ಕಚ್ಚುವುದಿಲ್ಲ.

ಕೆಲಸದ ಪ್ರಶ್ನೆ ಉಳಿಯಿತು. ಸುಳ್ಳು ಆಸೆ ಹುಟ್ಟಿಸಲಿಕ್ಕೆ ನಮಗೆ ಮನಸ್ಸಿಲ್ಲ. ಬಿಎಸ್ಸಿ ಝೂವಾಲಜಿ ಮಾಡಿದ ಮರುದಿನ ಕೆಲಸ ಸಿಗುವುದಿಲ್ಲ, ಬಿ.ಫಾರ್ಮ ಮಾಡಿದವರಿಗೆ ಸಿಗುವಷ್ಟು ಬೇಗ ಅಂತೂ ಇಲ್ಲ. ಎಂಎಸ್ಸಿ ಮಾಡಬೇಕು. ಆಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ ಪಿಎಚ್‌ಡಿ ಮಾಡುತ್ತಲೇ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಅದು ಮೈಮುರಿದು ಓದಬೇಕಾದ ಪರೀಕ್ಷೆ. ಬಿ.ಎಡ್ ಮಾಡಿ ಶಾಲೆಗೆ ಹೋಗಬಹುದು, ಅರಣ್ಯ ಇಲಾಖೆಯ ಪರೀಕ್ಷೆ ಬರೆಯಬಹುದು. ಜೀವಿಗಳ ಮೇಲೆ ಆಸಕ್ತಿ ಇದ್ದು ಬೇಗ ಕೆಲಸವೂ ಬೇಕೆಂದರೆ ಇನ್ನೊಂದು ದಾರಿ ಉಂಟು, ನಮ್ಮವರು ಹೆಚ್ಚು ಯೋಚಿಸದ್ದು. ಮಂಗಳೂರಿನ ಎಕ್ಕೂರಿನಲ್ಲಿರುವ ಮೀನುಗಾರಿಕಾ ಕಾಲೇಜು. 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ನಾಲ್ಕು ವರ್ಷದ ಬಿಎಫ್‌ಎಸ್ಸಿ ಕೋರ್ಸಿಗೆ ಸಿಇಟಿ ಮೂಲಕ ಸೀಟು. ಮೀನು ವ್ಯಾಪಾರದಲ್ಲಿ ತಲೆಮಾರುಗಳಿಂದ ಇರುವ ಸಮುದಾಯದ ಎಷ್ಟು ಮಕ್ಕಳು ಆ ಗೇಟಿನ ಒಳಗೆ ಹೋಗಿದ್ದಾರೆ ಎಂದು ಒಮ್ಮೆ ನಮ್ಮನ್ನೇ ನಾವು ಕೇಳಿಕೊಳ್ಳಬೇಕು.

ಪುತ್ತೂರಿನವರಿಗೆ ಇನ್ನೊಂದು ಮಾತು. ಇದೇ ಪುತ್ತೂರಿನಲ್ಲಿ ಇದ್ದು ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ತಂದರು, ಮೇಲೆ ವಿಜ್ಞಾನವನ್ನೆಲ್ಲ ಕನ್ನಡದಲ್ಲಿ ಬರೆದರು. ಕಾಲೇಜು ಇಲ್ಲದ ಪುತ್ತೂರು ಅದು. ಈಗ ಪೇಟೆಯಲ್ಲಿ, ಸುಳ್ಯದಲ್ಲಿ, ಕಡಬದಲ್ಲಿ ಕಾಲೇಜುಗಳಿವೆ, ಲ್ಯಾಬುಗಳಿವೆ, ಎಲ್ಲರ ಕಿಸೆಯಲ್ಲಿ ಕ್ಯಾಮೆರಾ ಇದೆ. ಆದರೆ ಪರ್ಲಡ್ಕದ ಬಾಲವನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ನಮ್ಮ ಮನೆಗಳು ಕಡಿಮೆ.

ನಾವು ಇಷ್ಟನ್ನೂ ದಮ್ಮಾಮ್‌ಗೆ ಹೇಳಿದೆವು. ಒಂದೇ ಫೋನಿನಲ್ಲಿ ಅಲ್ಲ, ಮೂರು ಶುಕ್ರವಾರ ಹಿಡಿಯಿತು. 37,000ದ ವಿಷಯ ಬಂದಾಗ ಅವರು ಸ್ವಲ್ಪ ಸುಮ್ಮನಾದರು. ಎಷ್ಟು ವರ್ಷ ಬಿಟ್ಟು ಎಂದು ಕೇಳಿದರು. ಐದು, ಆರು ಎಂದೆವು. 'ಅಷ್ಟರಲ್ಲಿ ಮದುವೆ?' ಎಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ, ಅದನ್ನು ಮಗಳ ಹತ್ತಿರವೇ ಮಾತಾಡಿ ಎಂದು ಫೋನ್ ಅವಳಿಗೆ ಕೊಟ್ಟೆವು. ಕೋಣೆಯ ಬಾಗಿಲು ಹಾಕಿ ಅರ್ಧ ಗಂಟೆ ಮಾತಾಡಿದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಆದರೆ ಬಿಎಸ್ಸಿ ಅರ್ಜಿಗೆ ಸಹಿ ಹಾಕಲಿಕ್ಕೆ ಉಪ್ಪ ಒಪ್ಪಿದ್ದರು. ಒಂದು ವರ್ಷ ನೋಡುವುದು, ಮಾರ್ಕು ಬಾರದಿದ್ದರೆ ಮುಂದಿನ ಸಲ ಫಾರ್ಮಸಿ. ರಾತ್ರಿ ಬೈಲಿಗೆ ತಮ್ಮ ಅಥವಾ ಮಾಮ ಇಲ್ಲದೆ ಇಳಿಯಬಾರದು. ಹೀಗೆ ಎರಡು ಷರತ್ತು.

ಬೈಲಿನ ಉಳಿದ ಅರ್ಧಕ್ಕೂ ಈ ಮಳೆ ಮುಗಿದ ಮೇಲೆ ಕಣಿ ತೋಡುವ ಮಾತಾಗಿತ್ತು, ಹಿಟಾಚಿಯವನಿಗೆ ಅಡ್ವಾನ್ಸ್ ಸಹ ಹೋಗಿದೆ. ಮೂಲೆಯ ಪಳ್ಳ ಒಂದನ್ನು ಬಿಟ್ಟುಬಿಡುವಾ ಎಂದು ಈಗ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ಹತ್ತು ಹದಿನೈದು ಗಿಡ ಕಡಿಮೆ ಬೀಳುತ್ತದೆ. ತೀರ್ಮಾನ ಆಗಿಲ್ಲ.

ಮೊನ್ನೆ ರಾತ್ರಿ ಜೋರು ಮಳೆ, ಯಾರೂ ಬೈಲಿಗೆ ಇಳಿಯಲಿಲ್ಲ. ಕರೆಂಟು ಇರಲಿಲ್ಲ. ಜಗಲಿಯಲ್ಲಿ ಕೂತಿದ್ದ ಉಮ್ಮ ಇದ್ದಕ್ಕಿದ್ದಂತೆ ಮೊಮ್ಮಗಳನ್ನು ಕರೆದರು. 'ಈ ಟಕ್ ಟಕ್ ಹೇಳುವುದು ನಿನ್ನೆಯವರೆಗೆ ಬಾವಿಕಟ್ಟೆಯಲ್ಲಿತ್ತು. ಇವತ್ತು ಬಚ್ಚಲಿನ ತೊಟ್ಟಿಗೆ ಬಂದಿದೆ, ಕೇಳು.' ಟಾರ್ಚ್ ಹಾಕಿ ನೋಡಿದರೆ ತೊಟ್ಟಿಯ ಅಂಚಿನಲ್ಲಿ ಒಂದು ಮರಗಪ್ಪೆ, ಪಕ್ಕದಲ್ಲಿ ಬಿಳಿ ನೊರೆಯಂಥ ಮೊಟ್ಟೆಯ ಗೂಡು. ಹುಡುಗಿ ನೋಟ್‌ಬುಕ್ ತಂದು ತಾರೀಕು, ಗಂಟೆ ಬರೆದಳು. 'ನೋಡಿದವರು' ಎಂಬ ಕಾಲಂನಲ್ಲಿ ಅಜ್ಜಿಯ ಹೆಸರು ಬರೆದಳು. ಆ ತೊಟ್ಟಿಯ ನೀರನ್ನು ಸದ್ಯಕ್ಕೆ ಯಾರೂ ಮುಟ್ಟಬಾರದೆಂದು ಉಮ್ಮ ಮನೆಯವರಿಗೆಲ್ಲ ಹೇಳಿಟ್ಟಿದ್ದಾರೆ.